ಅರವತ್ತನಾಲ್ಕನೇ ನಂಬರಿಗೊಂದು ಪ್ಲಸ್

ಮೊನ್ನೆ ಭಾನುವಾರ ಇಂಡಿಯನ್ ಅಂಗಡಿಯಿಂದ ಬಂದು ಕಾರಿನ ಟ್ರಂಕಿನಿಂದ ಅಕ್ಕಿ ಚೀಲ ಎಳೆಯುತ್ತಿದ್ದೆ. ಅದರ ಹಿಂದಿನಿಂದ ಒಂದು ರಟ್ಟಿನ ಪ್ಯಾಡು ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಪರೀಕ್ಷೆಗೆ ಬಗಲಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆವಲ್ಲ, ತಲೆಯ ಮೇಲೆ ಕಬ್ಬಿಣದ ಕ್ಲಿಪ್ಪು ಇರುತ್ತಿತ್ತಲ್ಲ, ಅದೇ. ಹೆಬ್ಬೆರಳಿಗೆ ಸರಿಯಾಗಿಯೇ ಪೆಟ್ಟಾಯಿತು. ಬಯ್ಯಲು ಬಾಯಿ ತೆರೆದವನು ಕ್ಲಿಪ್ಪಿನಲ್ಲಿ ಸಿಕ್ಕಿಕೊಂಡಿದ್ದ ಹಾಳೆ ನೋಡಿ ಸುಮ್ಮನಾದೆ. ಮೇಲಿಂದ ಕೆಳಕ್ಕೆ ಗೆರೆ ಎಳೆದು ಐದು ಮನೆ ಮಾಡಿದ ಹಾಳೆ. ಎಲ್ಲ ಖಾಲಿ. ಎರಡನೆಯ ಮನೆಯಲ್ಲಿ ಮಾತ್ರ ನೀಲಿ ಬಾಲ್‌ಪೆನ್ನಿನ ಒಂದೇ ಒಂದು ಪ್ಲಸ್ ಗುರುತು.

ಆ ಪ್ಯಾಡಿನದು ದೊಡ್ಡ ಕಥೆ. ನಾನು ಎಸ್ಸೆಸ್ಸೆಲ್ಸಿಗೆ ಕೂತಾಗ ಅಪ್ಪ ಕೊಡಿಸಿದ್ದು. ನಂಜನಗೂಡಿನಿಂದ ಮೈಸೂರಿಗೆ, ಮೈಸೂರಿನಿಂದ ಬೆಂಗಳೂರಿಗೆ, ಅಲ್ಲಿಂದ ನ್ಯೂಜೆರ್ಸಿಯ ಈ ಸಮರ್‌ಸೆಟ್ಟಿಗೆ ನನ್ನ ಹಿಂದೆಯೇ ಬಂದಿದೆ. ಅಂಗಿಗಳ ಇಸ್ತ್ರಿ ಕೆಡದಿರಲೆಂದು ಅಮ್ಮ ಅದನ್ನು ಸೂಟ್‌ಕೇಸಿನ ತಳಕ್ಕೆ ಇಟ್ಟಿದ್ದಳು. ಆ ಅಂಗಿಗಳು ಈಗ ಎಲ್ಲಿವೆಯೋ, ಪ್ಯಾಡು ಮಾತ್ರ ಗಟ್ಟಿಮುಟ್ಟಾಗಿದೆ. ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗಿಕೊಂಡಾಗ ನನ್ನ ಹೆಂಡತಿ ವೀಣಾ ಅದನ್ನೇ ಹಿಡಿದು ಗಾಳಿ ಹಾಕುತ್ತಿದ್ದಳು. ಕಳೆದ ಫಾಲ್‌ನಲ್ಲಿ, ಅಂದರೆ ಇಲ್ಲಿ ಎಲೆ ಉದುರುವ ಕಾಲದಲ್ಲಿ, ಅದಕ್ಕೆ ಇನ್ನೊಂದು ಕೆಲಸ ಬಿತ್ತು. ಆ ಕೆಲಸದಲ್ಲಿ ನಾನು ನನ್ನ ಮಗನಿಗೆ ಮಾಡಿದ ಅನ್ಯಾಯವನ್ನು ನಿಮ್ಮ ಮುಂದೆ ಹೇಳಿಕೊಂಡು ಹಗುರಾಗೋಣವೆಂದು ಇಷ್ಟು ಪೀಠಿಕೆ.

ಮಗನ ಹೆಸರು ಚಿನ್ಮಯ, ಹೈಸ್ಕೂಲಿನಲ್ಲಿದ್ದಾನೆ. ಗೆಳೆಯರ ಬಾಯಲ್ಲಿ ಬರೀ ಚಿನ್. ಹುಟ್ಟಿದಾಗಿನಿಂದ ಆಳು ದಪ್ಪ. ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲಿನಲ್ಲಿ ನಿಂತಾಗೆಲ್ಲ ಯಾರಾದರೊಬ್ಬ ಆಂಟಿ ಅವನ ತೋಳು ಹಿಸುಕಿ, "ಒಳ್ಳೆ ಮೈಕಟ್ಟು ಕಣಮ್ಮಾ, ಏನು ಹಾಕಿ ಬೆಳೆಸ್ತೀರಿ?" ಎಂದು ಕೇಳುತ್ತಿದ್ದರು. ಮನೆಗೆ ಬಂದೊಡನೆ ವೀಣಾ ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ನಾವೂ ಎಲ್ಲರ ಹಾಗೆ ಅವನನ್ನು ಚೆಸ್ಸಿಗೆ ಹಾಕಿದೆವು, ಸಂಗೀತಕ್ಕೆ ಹಾಕಿದೆವು, ಮೃದಂಗಕ್ಕೂ ಹಾಕಿದೆವು. ಮೃದಂಗದ ಮೇಷ್ಟ್ರು ಒಂದು ದಿನ ಹೊಸ ಚರ್ಮದ ಬೆಲೆ ಹೇಳಿ ಕೈ ಮುಗಿದರು. ಒಂಬತ್ತನೇ ಕ್ಲಾಸಿನಲ್ಲಿ ಇವನು ಶಾಲೆಯ ಊಟದ ಕೋಣೆಯ ಮೇಜನ್ನು ಒಬ್ಬನೇ ಎತ್ತಿ ಪಕ್ಕಕ್ಕಿಟ್ಟದ್ದನ್ನು ಫುಟ್‌ಬಾಲ್ ಕೋಚ್ ಕಂಡರು. ಅಲ್ಲಿಗೆ ನಮ್ಮ ಪ್ರಯೋಗಗಳು ಮುಗಿದವು.

ಅಮೆರಿಕದ ಈ ಫುಟ್‌ಬಾಲಿಗೂ ಕಾಲಿಗೂ ಹೆಚ್ಚು ಸಂಬಂಧವಿಲ್ಲ. ಒಬ್ಬ ಚೆಂಡು ಎಸೆಯುತ್ತಾನೆ, ಕೆಲವರು ಹಿಡಿಯುತ್ತಾರೆ, ಒಬ್ಬ ಅದನ್ನು ಬಗಲಲ್ಲಿ ಅವುಚಿಕೊಂಡು ಓಡುತ್ತಾನೆ. ಇವರೆಲ್ಲರ ಮುಂದೆ ಐದು ದಪ್ಪ ಹುಡುಗರು ಸಾಲಾಗಿ ಬಗ್ಗಿ ನಿಲ್ಲುತ್ತಾರೆ. ಎದುರು ಪಕ್ಷದವರು ನುಗ್ಗಿ ಬಂದು ಚೆಂಡಿದ್ದವನನ್ನು ಕೆಡವದ ಹಾಗೆ ತಡೆಯುವುದು ಇವರ ಕೆಲಸ. ನಡುವಿನವನು ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅಂಚಿನಲ್ಲಿ ಇಬ್ಬರು ಟ್ಯಾಕಲ್‌ಗಳು. ಸೆಂಟರು ಚೆಂಡನ್ನು ಹಿಂದಕ್ಕೆ ಕೊಟ್ಟುಬಿಟ್ಟನೋ, ಐವರಿಗೂ ಅದರ ಋಣ ತೀರಿತು. ನಮ್ಮ ಚಿನ್ಮಯ ಎಡಗಡೆಯ ಗಾರ್ಡ್, ಅಂಗಿಯ ನಂಬರು ಅರವತ್ತನಾಲ್ಕು.

ಮೊದಲ ಸಲ ಆಟ ನೋಡಲು ಹೋದಾಗ ನಾನು ಎರಡು ಗಂಟೆ ಚೆಂಡನ್ನೇ ನೋಡಿದೆ. ಚೆಂಡು ನೋಡಿದರೆ ಮಗ ಕಾಣುವುದಿಲ್ಲ, ಮಗನನ್ನು ನೋಡಿದರೆ ಆಟ ಕಾಣುವುದಿಲ್ಲ. ಮುಗಿದ ಮೇಲೆ ಜನ ಓಡಿದ ಹುಡುಗನ ತಂದೆಯ ಕೈ ಕುಲುಕಿದರು. ನನಗೆ ಹೇಳಿದ್ದು, "ನಿಮ್ಮ ಹುಡುಗ ಎಷ್ಟು ದೊಡ್ಡವನು!" ಎಂದಷ್ಟೇ. ಅದು ಆ ಆಂಟಿಯರು ಹೇಳುತ್ತಿದ್ದ ಮಾತೇ. ಓಡಿದವನು ಎಷ್ಟು ಗಜ ಓಡಿದ, ಎಸೆದವನು ಎಷ್ಟು ಎಸೆದ ಎಂಬುದಕ್ಕೆಲ್ಲ ಲೆಕ್ಕ ಉಂಟು. ತಡೆದವನ ಹೆಸರಿನ ಮುಂದೆ ಏನೂ ಇಲ್ಲ. ಮೈಕಿನಲ್ಲಿ ಅವನ ನಂಬರು ಕೇಳಿಸುವುದು ಎದುರಾಳಿಯ ಅಂಗಿ ಎಳೆದು ಸಿಕ್ಕಿಬಿದ್ದಾಗ ಮಾತ್ರ.

ನನಗೆ ಇದನ್ನು ಸಹಿಸಲಾಗಲಿಲ್ಲ. ಔಷಧ ಕಂಪನಿಯಲ್ಲಿ ಅಂಕಿಅಂಶದ ಕೆಲಸ ಮಾಡುವವನು ನಾನು. ಎಷ್ಟು ಜನಕ್ಕೆ ತಲೆಸುತ್ತು ಬರಲಿಲ್ಲ, ಎಷ್ಟು ಜನಕ್ಕೆ ವಾಂತಿಯಾಗಲಿಲ್ಲ ಎಂದು ಆಗದೇ ಇದ್ದದ್ದನ್ನು ಲೆಕ್ಕ ಹಾಕಿಯೇ ನಮ್ಮ ಮನೆಯ ಒಲೆ ಉರಿಯುತ್ತದೆ. ಮಗ ಆಗಗೊಡದೇ ಇದ್ದದ್ದಕ್ಕೆ ಮಾತ್ರ ಲೆಕ್ಕ ಇಲ್ಲವೆಂದರೆ ಹೇಗೆ? ಹೋಗಿ ಕೋಚ್ ರಿಚಿಯವರನ್ನು ಕೇಳಿದೆ. ಪ್ಲಂಬಿಂಗ್ ಕೆಲಸದಿಂದ ನಿವೃತ್ತರಾಗಿ ಈ ದಪ್ಪ ಹುಡುಗರನ್ನು ಪಳಗಿಸುವವರು ಅವರು. ಶಾಲೆಯ ಮೂರು ತಂಡಗಳ ಹುಡುಗರನ್ನು ಒಬ್ಬರೇ ನೋಡಬೇಕು. ಲೆಕ್ಕ ಇದೆ, ಬರೆಯುವವರು ಯಾರೂ ಇಲ್ಲ ಎಂದರು. ಪ್ರತಿ ಸಲ ಚೆಂಡು ಹಿಂದೆ ಹೋದಾಗ ಐವರಲ್ಲಿ ಒಬ್ಬೊಬ್ಬನೂ ತನ್ನ ಕೆಲಸ ಮಾಡಿದನೇ ನೋಡಬೇಕು. ಮಾಡಿದರೆ ಪ್ಲಸ್, ಇಲ್ಲದಿದ್ದರೆ ಮೈನಸ್. ಕೊನೆಗೆ ನೂರಕ್ಕೆ ಎಷ್ಟು ಎಂದು ತೆಗೆದರೆ ಮುಗಿಯಿತು.

"ನೀವು ನಂಬರಿನ ಮನುಷ್ಯ. ನೀವೇ ಬರೆದುಕೊಡಿ," ಎಂದರು. ಆಮೇಲೆ ದನಿ ತಗ್ಗಿಸಿ, ಈ ಸೀಸನ್ನಿನ ಕೊನೆಗೆ ಎರಡನೇ ತಂಡದಿಂದ ಒಬ್ಬ ಗಾರ್ಡನ್ನು ಮೊದಲನೇ ತಂಡಕ್ಕೆ ಏರಿಸುತ್ತೇನೆ, ಎಡಗಡೆಯ ನಿಮ್ಮವನೋ ಬಲಗಡೆಯ ಮಾರ್ಕಸ್ಸೋ ನನಗಿನ್ನೂ ಗೊತ್ತಿಲ್ಲ, ನಿಮ್ಮ ಹಾಳೆ ನೋಡಿ ತೀರ್ಮಾನ ಮಾಡುತ್ತೇನೆ ಎಂದೂ ಹೇಳಿದರು.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ, ನಾನು ಅಪ್ಪ, ಇದು ನನ್ನಿಂದಾಗದು ಎಂದು ಜಾರಿಕೊಳ್ಳುತ್ತಿದ್ದರು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಏಕೆಂದರೆ ನಾನು ಗಣಿತದ ಮೇಷ್ಟ್ರ ಮಗ.

ಈಗ ನಂಜನಗೂಡಿಗೆ ಹೋಗಿಬರಬೇಕು, ಬೇಸರಿಸಬೇಡಿ. ಎಂಟನೇ ಕ್ಲಾಸಿನಲ್ಲಿ ನನಗೆ ಗಣಿತಕ್ಕೆ ಬಂದದ್ದು ಅಪ್ಪನೇ. ಶಾಲೆಯಲ್ಲಿ ಅವರನ್ನು ಸಾರ್ ಎನ್ನಬೇಕು, ಗೇಟು ದಾಟಿದ ಮೇಲೆ ಅಪ್ಪ ಎನ್ನಬಹುದು. ಆ ವರ್ಷ ಗಣಿತಕ್ಕೆ ಮೊದಲು ಬಂದವರಿಗೆ ಮುಚ್ಚಳದ ಮೇಲೆ ಹೆಸರು ಕೊರೆದ ಸ್ಟೀಲಿನ ತಿಂಡಿ ಡಬ್ಬಿ ಬಹುಮಾನ. ವಾರ್ಷಿಕ ಪರೀಕ್ಷೆಯಲ್ಲಿ ನಾನು ಪ್ರಮೇಯವನ್ನು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಅಡಿಗೆರೆ ಎಳೆದು ಬರೆದಿದ್ದೆ. ಬಂದದ್ದು ತೊಂಬತ್ತೈದು. ಕ್ಲಾಸಿನ ಶಶಿಕಲಾಳಿಗೆ ತೊಂಬತ್ತಾರು. ಅವಳ ತ್ರಿಕೋನ ಗಾಳಿಗೆ ಮಗುಚಿದ ಕೊಡೆಯ ಹಾಗಿತ್ತು, ಅದಕ್ಕೆ ಪೂರ್ತಿ ಅಂಕ. ನನ್ನ ತ್ರಿಕೋನದ ಪಕ್ಕದಲ್ಲಿ ಅಪ್ಪನ ಕೆಂಪು ಶಾಯಿ, "ಪೆನ್ಸಿಲ್ ಮೊಂಡು" ಎಂದು ಬರೆದು ಅಂಕ ಕಡಿದಿತ್ತು. ಅಮ್ಮ ಎರಡೂ ಪೇಪರು ಮುಂದಿಟ್ಟುಕೊಂಡು, "ರೀ, ಇವನು ಪಕ್ಕದ ಮನೆ ಹುಡುಗ ಆಗಿದ್ರೆ ಎಷ್ಟು ಕೊಡ್ತಿದ್ರಿ?" ಎಂದು ಕೇಳಿದಳು.

"ಮೇಷ್ಟ್ರು ಮಗನಿಗೆ ಅಂತ ಹಾಕ್ಕೊಟ್ರು ಅಂತ ನಾಳೆ ಯಾರೂ ಅನ್ನಬಾರದು," ಎಂದು ಅಪ್ಪ ಪಂಚಾಂಗ ತೆರೆದರು. ಶಶಿಕಲಾ ಆ ಡಬ್ಬಿಯಲ್ಲಿ ಹತ್ತನೇ ಕ್ಲಾಸಿನವರೆಗೂ ಚಿತ್ರಾನ್ನ ತಂದು ನನ್ನ ಮುಂದಿನ ಬೆಂಚಿನಲ್ಲೇ ಕೂತು ತಿಂದಳು. ಚಿತ್ರಾನ್ನ ಕಂಡರೆ ಇಂದಿಗೂ ನನಗೆ ಒಂದು ಚಣ ಮುಖ ಗಂಟಾಗುತ್ತದೆ.

ಇಷ್ಟು ಉಂಡವನು ಪಾಠ ಕಲಿಯಬೇಕಿತ್ತು, ಅಲ್ಲವೇ? ಕಲಿತೆ. ಕಲಿತದ್ದು ಅಪ್ಪನ ಪಾಠವನ್ನು. ಎರಡನೇ ತಂಡದ ಆಟ ಶನಿವಾರ ಬೆಳಿಗ್ಗೆ. ಭಾನುವಾರ ಮಧ್ಯಾಹ್ನ ಅದರ ವಿಡಿಯೊ ತೆರೆದು, ಪ್ಯಾಡಿನ ಮೇಲೆ ಐದು ಮನೆ ಗೆರೆ ಎಳೆದು ಊಟದ ಮೇಜಿನಲ್ಲಿ ಕೂರುತ್ತಿದ್ದೆ. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ ಗುರುತು ಹಾಕುತ್ತಿದ್ದೆ. ಅನುಮಾನ ಬಂದರೆ ಬೇರೆ ನಾಲ್ವರಿಗೆ ಪ್ಲಸ್, ಚಿನ್ಮಯನಿಗೆ ಮೈನಸ್. ಹಾಗೆಂದು ಯಾರೂ ಹೇಳಿರಲಿಲ್ಲ, ನಾನೂ ನಿಯಮ ಮಾಡಿಕೊಂಡಿರಲಿಲ್ಲ. ಕೈ ತಾನಾಗಿ ಹಾಗೆ ಹೋಗುತ್ತಿತ್ತು. ಒಂದು ಭಾನುವಾರ ವೀಣಾ ಕೊತ್ತಂಬರಿ ಸೋಸುತ್ತ ಹಾಳೆ ಇಣುಕಿ ನೋಡಿದಳು. ಅವಳು ಧಾರವಾಡದವಳು, ಮಾತಿನಲ್ಲಿ ಸುತ್ತುಬಳಸು ಇಲ್ಲ.

"ಏನ್ರೀ ಇದು, ನಮ್ಮ ಕೂಸಿನ ಮನ್ಯಾಗ ಇಷ್ಟ್ಯಾಕ ಅಡ್ಡಗೀರು? ನೀವು ಅವನ ಅಪ್ಪನೋ ಪರೀಕ್ಷಾ ಮಾಸ್ತರೋ ಒಂದು ಹೇಳ್ರಿ."

"ನಮ್ಮ ಹುಡುಗ ಅಂತ ಬಿಟ್ಟುಕೊಡೋಕಾಗುತ್ತಾ? ನಾಳೆ ಬೇರೆ ಪೇರೆಂಟ್ಸ್ ಏನಂತಾರೆ?" ಎಂದೆ.

"ಮಂದಿ ಏನರ ಅಂತಾರಂತ ಸ್ವಂತ ಮಗನ ಹೊಟ್ಟಿ ಮ್ಯಾಲೆ ಹೊಡೀತೀರಿ? ಭಾಳ ಶಾಣ್ಯಾ ಇದ್ದೀರಿ ಬಿಡ್ರಿ," ಎಂದು ಅವಳು ಕೊತ್ತಂಬರಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ನಾನು ನ್ಯಾಯಾಧೀಶನ ಗತ್ತಿನಲ್ಲಿ ವಿಡಿಯೊ ಮುಂದಕ್ಕೆ ಓಡಿಸಿದೆ.

ಸೀಸನ್ನಿನಲ್ಲಿ ಇನ್ನು ಒಂದೇ ಆಟ ಉಳಿದಿದ್ದಾಗ ಎಲ್ಲ ಹಾಳೆಗಳನ್ನೂ ಕೂಡಿ ಕೋಚ್ ರಿಚಿಗೆ ಕೊಟ್ಟೆ. ಮಾರ್ಕಸ್ ಸ್ವಲ್ಪ ಮುಂದಿದ್ದ, ಚಿನ್ಮಯ ಸ್ವಲ್ಪ ಹಿಂದೆ. ಕೊಡುವಾಗ ನನಗೆ ನಿಜಕ್ಕೂ ಹೆಮ್ಮೆಯಾಯಿತು ಎಂದರೆ ನನ್ನ ಬುದ್ಧಿಯ ಮಟ್ಟ ನಿಮಗೆ ತಿಳಿದೀತು. ಸೋಮವಾರ ಮಾರ್ಕಸ್ ಮೊದಲನೇ ತಂಡಕ್ಕೆ ಹೋದ. ಕೋಚ್ ನನ್ನ ಹಾಳೆಗಳನ್ನು ಹುಡುಗರು ಬಟ್ಟೆ ಬದಲಿಸುವ ಕೋಣೆಯ ಗೋಡೆಗೆ ಅಂಟಿಸಿದರು.

ಅಂದು ಸಂಜೆ ಅಭ್ಯಾಸ ಮುಗಿಸಿ ಬಂದ ಚಿನ್ಮಯನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಎರಡು ಸಿಗ್ನಲ್ ದಾಟಿದ ಮೇಲೆ ಅವನು ಫೋನಿನಲ್ಲಿ ಹಾಳೆಯ ಫೋಟೊ ತೆರೆದು ನನ್ನ ಮುಂದೆ ಹಿಡಿದ. ಅವನು ಇಂಗ್ಲಿಷಿನಲ್ಲೇ ಮಾತಾಡುವುದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಪ್ಪ, ಮೂರನೇ ಮ್ಯಾಚು, ಮೂವತ್ತೊಂದನೇ ಸಲ ಚೆಂಡು ಹಿಂದೆ ಹೋದಾಗ. ನನಗೆ ಯಾಕೆ ಮೈನಸ್?"

ಮನೆಗೆ ಬಂದು ಡ್ರೈವ್‌ವೇನಲ್ಲೇ ವಿಡಿಯೊ ತೆರೆದೆವು. "ನೋಡು, ನಿನ್ನ ಎದುರಿಗಿದ್ದವನು ಸೀದಾ ಒಳಗೆ ನುಗ್ಗಿ ಎಸೆಯೋನನ್ನ ಕೆಡವಿದ. ನೀನು ಅವನನ್ನ ಬಿಟ್ಟು ಆ ಕಡೆ ಹೋದೆ," ಎಂದೆ.

"ಅವನು ನನ್ನವನಲ್ಲ ಅಪ್ಪ. ಸೆಂಟರ್ ಜೇಕ್‌ನ ಎದುರಿಗೆ ಭಾರೀ ಆಳು ಇದ್ದ. ನಾನು ಜೇಕ್‌ಗೆ ಸಹಾಯಕ್ಕೆ ಹೋಗಬೇಕು, ನನ್ನ ಎದುರಿನವನನ್ನು ಹಿಂದಿರುವ ರನ್ನರ್ ತಡೆಯಬೇಕು. ಆ ಸಲ ಚೆಂಡು ಕೊಡುವ ಮುಂಚೆ ಕೂಗಿದ ಕಾಲ್ ಹಾಗಿತ್ತು. ರನ್ನರ್ ಮರೆತ."

ನಾನು ವಿಡಿಯೊ ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಅವನು ಇನ್ನೊಂದು ಕಡೆ ಬೆರಳಿಟ್ಟ. "ನಾಲ್ಕನೇ ಮ್ಯಾಚಲ್ಲಿ ಮಾರ್ಕಸ್ ಇದನ್ನೇ ಮಾಡಿದ. ರನ್ನರ್ ಅಲ್ಲೂ ಮರೆತ. ನೀವು ಅವನಿಗೆ ಪ್ಲಸ್ ಕೊಟ್ಟಿದ್ದೀರಿ."

ಕೊಟ್ಟಿದ್ದೆ. ಅದು ರನ್ನರನ ತಪ್ಪೇ ಇರಬೇಕೆಂದು ಮಾರ್ಕಸ್‌ನ ಪರವಾಗಿ ನಾನೇ ವಾದ ಮಾಡಿಕೊಂಡದ್ದು ಕೂಡ ನೆನಪಿತ್ತು. ಚೆಂಡು ಹಿಂದೆ ಹೋಗುವ ಮುಂಚೆ ಅವರವರಲ್ಲಿ ಏನು ಮಾತಾಗಿತ್ತೆಂದು ತಿಳಿಯದೆ ಈ ಹುಡುಗರ ಬೆಲೆ ಕಟ್ಟುವುದೆಂದರೆ, ಪ್ರಶ್ನೆಪತ್ರಿಕೆಯನ್ನೇ ನೋಡದೆ ಉತ್ತರಪತ್ರಿಕೆ ತಿದ್ದಿದ ಹಾಗೆ. ತಿಳಿಯದ ಕಡೆಯೆಲ್ಲ ನಾನು ಬೇರೆಯವರ ಮಕ್ಕಳನ್ನು ನಂಬಿದ್ದೆ, ನನ್ನ ಮಗನನ್ನು ನಂಬಿರಲಿಲ್ಲ.

"ಜೇಕ್ ಕೇಳಿದ, ನಿಮ್ಮಪ್ಪನಿಗೆ ನಿನ್ನ ಕಂಡರೆ ಆಗಲ್ವಾ ಅಂತ," ಎಂದು ಹೇಳಿ ಚಿನ್ಮಯ ಬ್ಯಾಗ್ ತೆಗೆದುಕೊಂಡು ಇಳಿದುಹೋದ. ನನಗೆ ಕಾರಿನಿಂದ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನಾಚಿಕೆಯಾಗಿತ್ತು, ಅಳುವೂ ಬಂದಿತ್ತು.

ಅಪ್ಪ ಈಗ ಮೈಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿದ್ದಾರೆ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ವಿಡಿಯೊ ಕಾಲ್ ಮಾಡಿದೆ. ಅವರು ಎಂದಿನಂತೆ ಹಣೆ ಮಾತ್ರ ತೋರಿಸುತ್ತ ಮಾತಿಗೆ ಕೂತರು. ನಡೆದದ್ದನ್ನೆಲ್ಲ ಹೇಳಿದೆ. ಕೊನೆಗೆ ನಲವತ್ತು ವರ್ಷದಿಂದ ಗಂಟಲಲ್ಲಿದ್ದದ್ದು ಬಂದೇಬಿಟ್ಟಿತು.

"ಅಪ್ಪ, ಎಂಟನೇ ಕ್ಲಾಸಲ್ಲಿ ನೀವೂ ನನಗೆ ಎರಡು ಮಾರ್ಕ್ಸ್ ಕಡಿಮೆ ಕೊಟ್ರಿ, ನೆನಪಿದ್ಯಾ?"

ಹಣೆ ಪರದೆಗೆ ಇನ್ನಷ್ಟು ಹತ್ತಿರ ಬಂತು. "ಎರಡಲ್ಲ, ಮೂರು," ಎಂದರು.

"ಪೆನ್ಸಿಲ್ ಮೊಂಡಾಗಿತ್ತು ಅಂತ ಬರೆದಿದ್ರಿ."

"ಪೆನ್ಸಿಲ್ ಸರಿಯಾಗೇ ಇತ್ತು ಕಣೋ. ಸ್ಟಾಫ್ ರೂಮಲ್ಲಿ ಮಾತಾಡ್ಕೋತಾರೆ ಅಂತ ಹೆದರಿಕೆ ನನಗೆ. ಅದನ್ನ ನ್ಯಾಯ ಅಂತ ಹೇಳ್ಕೊಂಡೆ. ಆಮೇಲೆ ತಿದ್ದೋಣ ಅನ್ನಿಸ್ತು, ಅದಕ್ಕೂ ಹೆದರಿದೆ." ಒಮ್ಮೆ ಕೆಮ್ಮಿದರು. "ನೀನಾದ್ರೂ ಅವನ ಪೇಪರ್ ತಿದ್ದು. ನಿಂದು ತೊಂಬತ್ತೆಂಟು, ಬರ್ಕೋ."

ಬರೆದುಕೊಳ್ಳಲು ನನ್ನ ಕೈಯಲ್ಲಿ ಪೆನ್ನಿರಲಿಲ್ಲ. ಇದ್ದಿದ್ದರೂ ಅಕ್ಷರ ಕಾಣುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆ ವಾರವೆಲ್ಲ ನಮ್ಮ ಮನೆಯಲ್ಲಿ ಮರುಮೌಲ್ಯಮಾಪನ. ಸಂಜೆ ಸಂಜೆ ಚಿನ್ಮಯನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪ್ರತಿ ಸಲವೂ ಕಾಲ್ ಏನಿತ್ತೆಂದು ಮೊದಲು ಕೇಳಿ ಆಮೇಲೆ ನೋಡಿದೆ. ಮೊದಲ ದಿನ ಮುಖ ಊದಿಸಿಕೊಂಡೇ ಉತ್ತರ ಕೊಟ್ಟ. ಎರಡನೆಯ ದಿನ ಎದ್ದು ನಿಂತು, ಯಾವ ಕಾಲು ಮೊದಲು ಇಡಬೇಕೆಂದು ಸೋಫಾವನ್ನು ಎದುರಾಳಿ ಮಾಡಿಕೊಂಡು ತೋರಿಸಿದ. ವೀಣಾ ತನ್ನ ಹೂದಾನಿಯನ್ನು ಎತ್ತಿ ಒಳಗಿಟ್ಟಳು. ನಾನು ಮೂರು ತಿಂಗಳಲ್ಲಿ ಕಾಣದ್ದನ್ನು ಆ ಮೂರು ಸಂಜೆಯಲ್ಲಿ ಕಂಡೆ. ಅವನು ತನ್ನ ಎದುರಿನವನನ್ನು ತಡೆಯುವುದರ ಜೊತೆಗೆ ಒಂದು ಕೈಯನ್ನು ಜೇಕ್‌ನ ಕಡೆಗೇ ಇಟ್ಟಿರುತ್ತಿದ್ದ. ಜೇಕ್ ಜಾರಿದರೆ ಆ ಕೈ ಅಲ್ಲಿರುತ್ತಿತ್ತು. ಅದಕ್ಕೆ ನನ್ನ ಹಾಳೆಯಲ್ಲಿ ಮನೆಯೇ ಇರಲಿಲ್ಲ.

ಹೊಸ ಲೆಕ್ಕದಲ್ಲಿ ಇಬ್ಬರು ಗಾರ್ಡ್‌ಗಳೂ ಸರಿಸಮ ಬಂದರು. ಅದನ್ನು ಹಿಡಿದು ಕೋಚ್ ರಿಚಿಯ ಮುಂದೆ ಹೋಗಿ ನಿಲ್ಲಲು ನನಗೆ ಕಾಲು ಬರಲಿಲ್ಲ. ಮಗನಿಗಾಗಿ ಅಂಗಲಾಚಲು ಬಂದ ಅಪ್ಪ ಎನ್ನುವುದಿಲ್ಲವೇ? ಯಾವ ಮಾತು ಬರಬಾರದೆಂದು ಅಷ್ಟೆಲ್ಲ ಮೈನಸ್ ಹಾಕಿದೆನೋ ಆ ಮಾತನ್ನು ಈಗ ನಾನೇ ಹುಡುಕಿಕೊಂಡು ಹೊರಟಿದ್ದೆ. ಶುಕ್ರವಾರ ಅಭ್ಯಾಸದ ನಂತರ ಅಂತೂ ಹೋಗಿ, ನನ್ನ ಮೊದಲಿನ ಹಾಳೆ ತಪ್ಪು, ನನ್ನ ಮಗ ಅದಕ್ಕಿಂತ ಚೆನ್ನಾಗಿ ಆಡಿದ್ದಾನೆ ಎಂದೆ. ನಾಲಿಗೆಗೆ ಅಭ್ಯಾಸವಿಲ್ಲದ ವಾಕ್ಯ. ಅವರು ಹಾಳೆಯನ್ನು ಕೆಳಗಿನವರೆಗೂ ಓದಿದರು.

"ಹೆಚ್ಚು ಮಾರ್ಕು ಹಾಕಿಕೊಂಡು ಬರುವ ಅಪ್ಪಂದಿರನ್ನು ಕಂಡಿದ್ದೇನೆ. ಕಡಿಮೆ ಹಾಕಿದವರು ನೀವೇ ಮೊದಲು," ಎಂದರು. "ಆದರೆ ಮಾರ್ಕಸ್‌ಗೆ ಕೊಟ್ಟ ಜಾಗವನ್ನು ಹಾಳೆ ಬದಲಾಯಿತೆಂದು ಕಿತ್ತುಕೊಳ್ಳುವುದಿಲ್ಲ. ಅವನದೇನು ತಪ್ಪು? ಮುಂದಿನ ಸೀಸನ್ನಿಗೆ ಆಗಸ್ಟಿನಲ್ಲಿ ಮತ್ತೆ ಇಬ್ಬರನ್ನೂ ನೋಡುತ್ತೇನೆ, ನನ್ನ ಕಣ್ಣಿನಲ್ಲೇ." ಅದು ನ್ಯಾಯವೇ. ಹೊಸ ಹಾಳೆಯನ್ನು ಮಾತ್ರ ಹಳೆಯದರ ಮೇಲೆ ಅಂಟಿಸಿದರು.

ಚಿನ್ಮಯನಿಗೆ ಹೇಳಿದೆ. "ಈ ವರ್ಷ ಹೋಯ್ತು ಕಂದ. ನನ್ನಿಂದ ಹೋಯ್ತು. ತಪ್ಪಾಯ್ತು." ಅವನು ಭುಜ ಕುಣಿಸಿ, "ಇಟ್ಸ್ ಓಕೆ ಅಪ್ಪ. ಜೇಕ್ ನೋಸ್," ಎಂದ. ಜೇಕ್‌ಗೆ ಗೊತ್ತಂತೆ. ಪಕ್ಕದಲ್ಲಿ ಹೆಗಲಿಗೆ ಹೆಗಲು ಕೊಟ್ಟು ಬಗ್ಗಿ ನಿಲ್ಲುವ ಹುಡುಗನಿಗೆ ಗೊತ್ತು, ಮನೆಯಲ್ಲಿರುವ ಅಪ್ಪನಿಗೆ ಗೊತ್ತಿಲ್ಲ. ಮಗ ಸಮಾಧಾನಕ್ಕೆಂದು ಹೇಳಿದ ಆ ಮಾತು ನನ್ನನ್ನು ಬಹಳ ನೋಯಿಸಿತು.

ಮರುದಿನ ಶನಿವಾರ ಕೊನೆಯ ಆಟ. ಅಭ್ಯಾಸಬಲದಿಂದ ಪ್ಯಾಡು ಹಿಡಿದು, ಹೊಸ ಹಾಳೆಗೆ ಐದು ಮನೆ ಗೆರೆ ಎಳೆದು ಗ್ಯಾಲರಿಯಲ್ಲಿ ಕೂತೆ. ಬರೆಯಲಿಲ್ಲ. ಚೆಂಡನ್ನೂ ನೋಡಲಿಲ್ಲ. ಅರವತ್ತನಾಲ್ಕನ್ನೇ ನೋಡಿದೆ. ಆಟ ಮುಗಿಯಲು ಸ್ವಲ್ಪವೇ ಇದ್ದಾಗ ಜೇಕ್‌ನ ಎದುರಿನ ಭಾರೀ ಆಳು ಅವನನ್ನು ಹಿಂದಕ್ಕೆ ಒತ್ತತೊಡಗಿದ. ಚಿನ್ಮಯ ಪಕ್ಕದಿಂದ ಬಂದು ಹೆಗಲು ಕೊಟ್ಟ. ಇಬ್ಬರೂ ಸೇರಿ ಆ ಬೆಟ್ಟದಂಥ ಹುಡುಗನನ್ನು ಅಡ್ಡಕ್ಕೆ ಸರಿಸಿದರು. ಅಷ್ಟು ಸಂದಿ ಸಾಕಾಯಿತು, ಚೆಂಡಿದ್ದವನು ನುಸುಳಿ ಓಡಿದ. ಜನರೆಲ್ಲ ಅವನ ಹಿಂದೆ ಕತ್ತು ತಿರುಗಿಸಿ ಕೂಗುತ್ತಿದ್ದರು. ನಾನು ಎದ್ದು ನಿಂತು, ಯಾರೂ ನೋಡದಿದ್ದ ಕಡೆಗೆ ಕೈ ಮಾಡಿ, "ಭೇಷ್ ಮಗನೇ! ಭೇಷ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ನಮ್ಮ ಮಗನನ್ನು ನಾನು ನಾಲ್ಕು ಜನರೆದುರು ಹೊಗಳಿದ್ದು ಅದೇ ಮೊದಲು. ನೆಲದಿಂದ ಏಳುತ್ತಿದ್ದ ಹೆಲ್ಮೆಟ್ಟೊಂದು ಗ್ಯಾಲರಿಯ ಕಡೆ ತಿರುಗಿತು. ಕೂತು ಎರಡನೆಯ ಮನೆಯಲ್ಲಿ, ಅಂದರೆ ಅವನದರಲ್ಲಿ, ಒಂದು ಪ್ಲಸ್ ಹಾಕಿದೆ.

"ಇವತ್ತು ಮನಿಗೆ ಹೋಗಿ ದೃಷ್ಟಿ ತಗೀಬೇಕು. ನಿಮ್ಮದ ಬಿದ್ದಿರತದ," ಎಂದಳು ವೀಣಾ. ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹಿಂತಿರುಗುವಾಗ ಚಿನ್ಮಯ ಹಿಂದಿನ ಸೀಟಿನಿಂದ ಕೈ ಚಾಚಿ ಪ್ಯಾಡು ತೆಗೆದುಕೊಂಡು ನೋಡಿದ. ಆ ಪ್ಲಸ್ ಯಾವುದಕ್ಕೆಂದು ಅವನು ಕೇಳಲಿಲ್ಲ, ಗೊತ್ತಾಗಿತ್ತು. ಕ್ಲಿಪ್ಪಿಗೆ ಸಿಕ್ಕಿಸಿದ್ದ ಪೆನ್ನು ತೆಗೆದು, "ಅಪ್ಪ, ಅದು ಮೈನಸ್. ನಾನು ಹೆಜ್ಜೆ ತಡವಾಗಿ ಇಟ್ಟೆ. ಜೇಕ್ ಆಗಲೇ ಜಾರಿದ್ದ," ಎಂದ.

ಕನ್ನಡಿಯಲ್ಲಿ ನೋಡಿದೆ. ಪೆನ್ನು ಅವನ ಕೈಯಲ್ಲಿತ್ತು. ಹುಬ್ಬು ಗಂಟು ಹಾಕಿಕೊಂಡು ಹಾಳೆಯನ್ನು ನೋಡುತ್ತಿದ್ದ ಆ ಮುಖ ನನ್ನ ಅಪ್ಪನದೇ.

"ಪೆನ್ನು ಇಲ್ಲಿ ಕೊಡು," ಎಂದೆ. "ಅದು ಪ್ಲಸ್ಸೇ. ತಿದ್ದಬೇಡ."